ಅಂಗಳದ ಕೆಂಪು ರಾಜಗಿರಿ: ಗಡಿನಾಡಿನ ಒಂದು ಗಿಡದ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಕೋಟೆ ಕೊತ್ತಲಗಳ ಕಡೆಗೆ, ಶಾಸನಗಳ ಕಡೆಗೆ, ಅರಸುಮನೆತನಗಳ ವಂಶಾವಳಿಯ ಕಡೆಗೆ ಹೊರಳುತ್ತದೆ. ಬೀದರಿನ ಕೋಟೆಯನ್ನೂ ಮಹಮೂದ್ ಗವಾನನ ಮದರಸವನ್ನೂ ನೆರೆಯಲ್ಲಿಯೇ ಉಳ್ಳ ನಮಗೆ ಇದು ಸಹಜವೇ ಆಗಿದೆ. ಆದರೆ ಮನುಷ್ಯನ ಜೊತೆಯಲ್ಲಿ ಕಡಲುಗಳನ್ನು ದಾಟಿ, ಭಾಷೆಗೊಂದು ಹೆಸರನ್ನು ಪಡೆದು, ಕೊನೆಗೆ ಮನೆಯ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ನೆಲೆ ನಿಂತ ಗಿಡಗಳಿಗೂ ಚರಿತ್ರೆಯುಂಟು. ಅದನ್ನು ಕಲ್ಲಿನಲ್ಲಿ ಕೆತ್ತಿದವರಿಲ್ಲ. ಅದು ಬೀಜದಲ್ಲಿ, ಅಡಿಗೆಯಲ್ಲಿ ಮತ್ತು ಹೆಸರುಗಳಲ್ಲಿ ಉಳಿದಿರುತ್ತದೆ.

ಅಂತಹ ಒಂದು ಗಿಡ ಕೆಂಪು ರಾಜಗಿರಿ. ಮಿರಗದ ಮಳೆ ಬಿದ್ದು ಹದಿನೈದು ದಿನ ಕಳೆಯುವುದರೊಳಗೆ ಕಲ್ಹೇರ್, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಸುತ್ತಿನ ಅಂಗಳಗಳಲ್ಲಿ, ತುಳಸಿಕಟ್ಟೆಯ ಪಕ್ಕದಲ್ಲಿ, ಹಿತ್ತಿಲ ಬೇಲಿಯ ಬುಡದಲ್ಲಿ ಇದರ ಮೊಳಕೆಗಳು ಕುಂಕುಮ ಚೆಲ್ಲಿದಂತೆ ಕಾಣಿಸಿಕೊಳ್ಳುತ್ತವೆ. ಎಳೆಯದಿದ್ದಾಗ ಪಲ್ಯವಾಗುತ್ತದೆ, ಬಲಿತಾಗ ದಂಟು ಸಾರಿಗೆ ಒದಗುತ್ತದೆ, ಕೀಳದೆ ಬಿಟ್ಟರೆ ಆಳೆತ್ತರ ಬೆಳೆದು, ತೆನೆ ಹೊತ್ತು, ದಸರೆಯ ಹೊತ್ತಿಗೆ ಇಡೀ ಅಂಗಳಕ್ಕೆ ಶೋಭೆ ತರುತ್ತದೆ. ಸಂಕ್ರಾಂತಿಯ ಹೊತ್ತಿಗೆ ಒಣಗಿ ನಿಲ್ಲುತ್ತದೆ. ಒಂದೇ ವರ್ಷದ ಬಾಳು. ಆದರೂ ಮರುವರ್ಷ ಅದು ಅಲ್ಲಿಯೇ ಇರುತ್ತದೆ. ಹೇಗೆ ಇರುತ್ತದೆ, ಯಾರು ಇರಿಸುತ್ತಾರೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾಲ್ಕು ಭಾಷೆಗಳ ನಡುವೆ ಒಂದು ಗಿಡ

ಮೊದಲು ನೆಲದ ಮಾತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೈದರಾಬಾದು ಸಂಸ್ಥಾನದ ಬೀದರ್ ಜಿಲ್ಲೆಯಲ್ಲಿದ್ದ ನಾರಾಯಣಖೇಡ ತಾಲ್ಲೂಕು, ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ವೃತ್ತ, ಹಾಗೆಯೇ ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣ ರಾಜ್ಯ ಉದಯವಾಯಿತು. 2016ರಲ್ಲಿ ಮೆದಕ್ ಜಿಲ್ಲೆ ಒಡೆದು ನಮ್ಮ ಭಾಗ ಸಂಗಾರೆಡ್ಡಿ ಜಿಲ್ಲೆಯಾಯಿತು. ಒಂದೇ ಆಯುಷ್ಯದಲ್ಲಿ ನಮ್ಮ ಹಿರಿಯರು ಮನೆ ಬದಲಿಸದೆ ಮೂರು ರಾಜ್ಯಗಳ ಪ್ರಜೆಗಳಾದರು. ಅಂಗಳದ ಗಿಡಕ್ಕೆ ಇದಾವುದರ ಪರಿವೆ ಇರಲಿಲ್ಲ. ಮಂಜೀರಾ ಬಯಲಿನ ಎರೆಭೂಮಿಯಲ್ಲಿಯೂ ಜಹೀರಾಬಾದಿನ ಕೆಮ್ಮಣ್ಣಿನಲ್ಲಿಯೂ ಅದು ಹಿಂದಿನಂತೆಯೇ ಮೊಳೆಯಿತು.

ಪರಿವೆ ಇದ್ದದ್ದು ಹೆಸರುಗಳಿಗೆ. ಬೀದರ್ ಕಲಬುರಗಿಯ ಕನ್ನಡದಲ್ಲಿ ಇದು ರಾಜಗಿರಿ, ಹಳೆಯ ಮೈಸೂರಿನವರಿಗೆ ದಂಟು, ಕರಾವಳಿಯವರಿಗೆ ಹರಿವೆ. ನಮ್ಮ ನೆರೆಯ ತೆಲುಗರಿಗೆ ತೋಟಕೂರ, ತೆಲಂಗಾಣದ ಹಳ್ಳಿಯ ಬಾಯಲ್ಲಿ ಕೊಯ್ಯಗೂರ. ಮರಾಠಿಯ ಬೀಗರು ಬಂದರೆ ಮಾಠ ಎನ್ನುತ್ತಾರೆ. ಸಂತೆಯಲ್ಲಿ ಉರ್ದು ಮಾತನಾಡುವ ಸೊಪ್ಪಿನವನು ಚೌಲಾಯಿ ಎಂದು ಕೂಗುತ್ತಾನೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ನೆಂಟಸ್ತಿಕೆಯಲ್ಲಿ ಮರಾಠಿ ಎಂಬ ನಮ್ಮ ಬಾಳುವೆಯ ಚಿತ್ರವೆಲ್ಲ ಒಂದು ಕಟ್ಟು ಸೊಪ್ಪಿನ ಹೆಸರುಗಳಲ್ಲಿಯೇ ಇದೆ. ಈ ಹೆಸರುಗಳಲ್ಲಿ ಯಾವುದೂ ಇನ್ನೊಂದರ ಅನುವಾದವಲ್ಲ. ಪ್ರತಿಯೊಂದನ್ನೂ ಆಯಾ ಭಾಷೆಯ ಜನ ತಮ್ಮ ತಮ್ಮ ಹೊಲದಲ್ಲಿ ನಿಂತು ಇಟ್ಟುಕೊಂಡಿದ್ದಾರೆ.

ಹಳೆಯ ನಿವಾಸಿ

ನಾವು ಒಂದೇ ಹೆಸರಿನಿಂದ ಕರೆಯುವ ಗಿಡಗಳು ವಾಸ್ತವವಾಗಿ ಒಂದೇ ಜಾತಿಯವಲ್ಲ. ಸಸ್ಯಶಾಸ್ತ್ರಜ್ಞರು ಅಮರಾಂಥಸ್ ಎಂದು ಕರೆಯುವ ಕುಲದಲ್ಲಿ ಹಲವಾರು ಜಾತಿಗಳಿವೆ. ಅವುಗಳಲ್ಲಿ ಕೆಲವು ನಮ್ಮ ನೆಲದವು, ಕೆಲವು ಕಡಲಾಚೆಯಿಂದ ಬಂದವು.

ನಮ್ಮ ನೆಲದ್ದೆನ್ನಬಹುದಾದದ್ದು ಅಮರಾಂಥಸ್ ಟ್ರೈಕಲರ್. ಹೆಸರೇ ಹೇಳುವಂತೆ ಇದರ ಎಲೆ ಹಸಿರು, ಕೆಂಪು, ಹಳದಿ ಬಣ್ಣಗಳನ್ನು ಒಟ್ಟಿಗೆ ತಾಳಬಲ್ಲದು. ದಕ್ಷಿಣ ಏಷ್ಯಾ ಮತ್ತು ಆಗ್ನೇಯ ಏಷ್ಯಾ ಇದರ ತವರು. ನಮ್ಮ ಪ್ರಾಚೀನರಿಗೆ ಸೊಪ್ಪು ರಾಜಗಿರಿಯ ಪರಿಚಯ ಚೆನ್ನಾಗಿತ್ತು. ಅಮರಕೋಶದಲ್ಲಿ ಬರುವ ತಂಡುಲೀಯ, ಅಲ್ಪಮಾರಿಷ ಎಂಬ ಹೆಸರುಗಳು ಈ ವರ್ಗದ ಸೊಪ್ಪಿನವು. ಚರಕಸಂಹಿತೆಯಲ್ಲಿಯೂ ತಂಡುಲೀಯಕದ ಉಲ್ಲೇಖವಿದ್ದು, ವೈದ್ಯರು ಅದನ್ನು ತಂಪಿನ ಸೊಪ್ಪೆಂದು ಎಣಿಸಿದ್ದರು. ಆದ್ದರಿಂದ ರಾಜಗಿರಿ ಪಲ್ಯದ ತಾಟು ನಮ್ಮ ದೇಶದ ಅತಿ ಹಳೆಯ ಊಟಗಳಲ್ಲಿ ಒಂದೆಂದು ಹೇಳಿದರೆ ತಪ್ಪಾಗದು.

ಕಡಲಾಚೆಯ ಬಂಧುಗಳು

ಆಳೆತ್ತರ ಬೆಳೆದು ಕೆಂಪು ತೆನೆಯನ್ನು ಎತ್ತಿ ಹಿಡಿಯುವ ರಾಜಗಿರಿಯ ಕಥೆ ಬೇರೆ. ಅಮರಾಂಥಸ್ ಹೈಪೋಕಾಂಡ್ರಿಯಾಕಸ್ ಮತ್ತು ಅಮರಾಂಥಸ್ ಕ್ರುಯೆಂಟಸ್ ಎಂಬ ಜಾತಿಗಳು ಮೆಕ್ಸಿಕೊ ಹಾಗೂ ಮಧ್ಯ ಅಮೆರಿಕದವು. ತೆನೆಯನ್ನು ಹಗ್ಗದಂತೆ ಕೆಳಗೆ ಇಳಿಬಿಡುವ ಅಮರಾಂಥಸ್ ಕಾಡೇಟಸ್ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳದು. ಪೆರು ದೇಶದವರು ಅದನ್ನು ಕಿವಿಚಾ ಎನ್ನುತ್ತಾರೆ.

ಮೆಕ್ಸಿಕೊವಿನ ಆಸ್‌ಟೆಕ್ ಜನರಿಗೆ ಇದರ ಕಾಳು ಜೋಳದಷ್ಟೇ ಮುಖ್ಯವಾಗಿತ್ತು. ಅವರ ಭಾಷೆಯಲ್ಲಿ ಅದರ ಹೆಸರು ಹುವಾವ್‌ಟ್ಲಿ. ಸಾಮಂತ ಪ್ರಾಂತ್ಯಗಳು ಸಾಮ್ರಾಟನಿಗೆ ಸಲ್ಲಿಸುತ್ತಿದ್ದ ಕಪ್ಪಕಾಣಿಕೆಯ ಪಟ್ಟಿಯಲ್ಲಿ ಮೆಕ್ಕೆಜೋಳ, ಅವರೆಕಾಳುಗಳ ಜೊತೆಗೆ ಇದರ ಕಣಜಗಳನ್ನೂ ಚಿತ್ರಿಸಿದ್ದಾರೆ. ಹಬ್ಬದ ದಿನಗಳಲ್ಲಿ ಈ ಕಾಳಿನ ಹಿಟ್ಟನ್ನು ಸಿಹಿಯಲ್ಲಿ ನಾದಿ ದೇವರ ಮೂರ್ತಿಯನ್ನು ಮಾಡುತ್ತಿದ್ದರು. ಪೂಜೆ ಮುಗಿದ ಮೇಲೆ ಮೂರ್ತಿಯನ್ನು ಮುರಿದು ಎಲ್ಲರೂ ಪ್ರಸಾದವಾಗಿ ತಿನ್ನುತ್ತಿದ್ದರು. 1521ರಲ್ಲಿ ಸ್ಪೇನಿನವರು ಆಸ್‌ಟೆಕ್ ರಾಜಧಾನಿಯನ್ನು ಗೆದ್ದರು. ಅವರ ಪಾದ್ರಿಗಳಿಗೆ ಈ ಪ್ರಸಾದ ತಮ್ಮ ಧರ್ಮದ ಪವಿತ್ರ ರೊಟ್ಟಿಯ ಅಣಕದಂತೆ ಕಂಡಿತು. ಪೂಜೆಯನ್ನು ಅಡಗಿಸಿದರು. ಪೂಜೆಯ ಜೊತೆಗೆ ಬೆಳೆಯೂ ಕುಗ್ಗಿತು. ಒಂದು ಸಾಮ್ರಾಜ್ಯಕ್ಕೆ ಅನ್ನವಾಗಿದ್ದ ಗಿಡ ಕೆಲವು ತಲೆಮಾರುಗಳಲ್ಲಿ ಗುಡ್ಡಗಾಡಿನ ಬಡವರ ಹೊಲದ ಅಂಚಿಗೆ ಸರಿಯಿತು.

ಆದರೂ ಅದು ಅಳಿಯಲಿಲ್ಲ. ಅಂಚಿನಲ್ಲಿ ಉಳಿದವರು ಬೀಜವನ್ನು ಉಳಿಸಿಕೊಂಡರು. ಇತ್ತ ಯುರೋಪಿನ ಹಡಗುಗಳು ಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳ, ಸೀತಾಫಲ, ಚೆಂಡುಹೂವುಗಳೊಡನೆ ಇದನ್ನೂ ಹಳೆಯ ಜಗತ್ತಿಗೆ ತಂದವು. ಭಾರತದಲ್ಲಿ ಅದು ಹಿಮಾಲಯದ ತಪ್ಪಲಿನಿಂದ ದಖ್ಖನಿನವರೆಗೆ ಹಬ್ಬಿತು. ಕೌತುಕದ ಸಂಗತಿಯೆಂದರೆ ಇಲ್ಲಿಯೂ ಅದು ದೇವರ ಪಕ್ಕದಲ್ಲಿಯೇ ಜಾಗ ಪಡೆಯಿತು. ಅಕ್ಕಿ, ಗೋಧಿ, ಜೋಳಗಳ ಸಾಲಿಗೆ ಇದು ಸೇರದ್ದರಿಂದ ಏಕಾದಶಿ, ಶಿವರಾತ್ರಿಯಂತಹ ಉಪವಾಸದ ದಿನಗಳಲ್ಲಿ ರಾಜಗಿರಿಯ ಹಿಟ್ಟು, ರಾಜಗಿರಿಯ ಉಂಡೆ ಸಲ್ಲುತ್ತವೆ. ನಮ್ಮ ತಾಯಂದಿರು ಹುರಿದ ಕಾಳನ್ನು ಅರಳಿಸಿ ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟುತ್ತಾರೆ. ಮೆಕ್ಸಿಕೊವಿನ ತಾಯಂದಿರು ಅದೇ ಅರಳನ್ನು ಜೇನಿನ ಪಾಕದಲ್ಲಿ ಕಟ್ಟಿ ಅಲೆಗ್ರಿಯಾ, ಅಂದರೆ ಸಂತೋಷ, ಎಂದು ಹೆಸರಿಟ್ಟಿದ್ದಾರೆ. ಒಬ್ಬರನ್ನೊಬ್ಬರು ಕಂಡರಿಯದ ಎರಡು ನಾಡುಗಳ ಅಡಿಗೆಮನೆಗಳು ಒಂದೇ ಕಾಳಿಗೆ ಒಂದೇ ಬಗೆಯ ಸಿಹಿಯನ್ನು ಕಂಡುಕೊಂಡಿವೆ.

ಐದು ಶತಮಾನಗಳ ಬಳಿಕ ವಿಜ್ಞಾನಿಗಳೂ ಈ ಕಾಳಿನ ಕಡೆಗೆ ತಿರುಗಿದರು. 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಪ್ರಕಟಿಸಿದ, ಜಗತ್ತು ಕಡೆಗಣಿಸಿದ ಉಪಯುಕ್ತ ಸಸ್ಯಗಳ ಪಟ್ಟಿಯಲ್ಲಿ ಇದು ಸೇರಿತು. 1984ರಲ್ಲಿ ಇದೊಂದರ ಮೇಲೆಯೇ ಪ್ರತ್ಯೇಕ ವರದಿ ಬಂದಿತು. ಕಾಳಿನಲ್ಲಿ ಶೇಕಡಾ 13ರಿಂದ 15ರಷ್ಟು ಪ್ರೋಟೀನು ಇದ್ದು, ಇತರ ಧಾನ್ಯಗಳಲ್ಲಿ ಕೊರತೆಯಾಗುವ ಲೈಸೀನ್ ಅಂಶ ಇದರಲ್ಲಿ ಸಮೃದ್ಧವಾಗಿದೆ ಎಂಬುದು ಅವರ ಗಮನ ಸೆಳೆದಿತ್ತು.

ಬಾಡದ ಹೂವೆಂಬ ಬಿರುದು

ಅಡಿಗೆಮನೆಯ ಗಿಡ ಉದ್ಯಾನದ ಅಲಂಕಾರವಾದದ್ದು ಹೇಗೆ? ಅಮರಾಂಥಸ್ ಎಂಬುದರ ಮೂಲ ಗ್ರೀಕ್ ಭಾಷೆಯ ಅಮಾರಾಂತೋಸ್. ಬಾಡದ್ದು ಎಂದು ಅದರ ಅರ್ಥ. ಸಂಸ್ಕೃತದ ಅಮ್ಲಾನ ಎಂಬ ಮಾತಿಗೂ ಅದೇ ಅರ್ಥವಿದೆ. ಕಿತ್ತ ಮೇಲೆಯೂ ಈ ಜಾತಿಯ ತೆನೆಗಳು ಬಹುಕಾಲ ಬಣ್ಣ ಉಳಿಸಿಕೊಳ್ಳುವುದನ್ನು ಕಂಡ ಯುರೋಪಿನವರು ಕವಿಸಮಯದ ಆ ಹೆಸರನ್ನು ಇದಕ್ಕೆ ಕೊಟ್ಟರು. ಹೂವೆಂಬ ಅರ್ಥದ ಬೇರೊಂದು ಗ್ರೀಕ್ ಪದದೊಡನೆ ಬೆರೆತು ಮುಂದೆ ಅದರ ಕಾಗುಣಿತವೂ ಸ್ವಲ್ಪ ಬದಲಾಯಿತು. 1597ರಲ್ಲಿ ಜಾನ್ ಜೆರಾರ್ಡ್ ಎಂಬ ಇಂಗ್ಲಿಷ್ ಮೂಲಿಕಾಜ್ಞ ತನ್ನ ಬೃಹತ್ ಗ್ರಂಥದಲ್ಲಿ ಬಣ್ಣಬಣ್ಣದ ಎಲೆಯ ದಂಟನ್ನು ಉದ್ಯಾನದ ಗಿಡವಾಗಿ ವರ್ಣಿಸಿದ್ದಾನೆ. 1653ರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟಿನಾ ತನ್ನ ಆಸ್ಥಾನದಲ್ಲಿ ಅಮರಾಂತದ ಹೆಸರಿನ ಗೌರವಪದವಿಯನ್ನೇ ಸ್ಥಾಪಿಸಿದಳು. ಸರಿಯಾಗಿ ನೂರು ವರ್ಷಗಳ ಅನಂತರ, 1753ರಲ್ಲಿ, ಅದೇ ಸ್ವೀಡನ್ನಿನ ಲಿನೇಯಸ್ ಸಸ್ಯಗಳಿಗೆಲ್ಲ ಎರಡು ಮಾತಿನ ಹೆಸರಿಡುವ ಪದ್ಧತಿಯ ತನ್ನ ಗ್ರಂಥದಲ್ಲಿ ಟ್ರೈಕಲರ್, ಕಾಡೇಟಸ್, ಹೈಪೋಕಾಂಡ್ರಿಯಾಕಸ್ ಎಂಬ ಹೆಸರುಗಳನ್ನು ನೆಲೆಗೊಳಿಸಿದನು.

ಇಂಗ್ಲಿಷರು ಮುಂದೆ ಇಳಿಬಿದ್ದ ಕೆಂಪು ತೆನೆಯ ಗಿಡವನ್ನು ಲವ್ ಲೈಸ್ ಬ್ಲೀಡಿಂಗ್ ಎಂದರು. ಒಲವು ನೆತ್ತರು ಸುರಿಸುತ್ತ ಬಿದ್ದಿದೆ ಎಂದು ಭಾವ. ಮೂರು ಬಣ್ಣದ ಎಲೆಯ ಗಿಡವನ್ನು ಬೈಬಲ್ಲಿನ ಯೋಸೇಫನ ಬಣ್ಣದ ಅಂಗಿಗೆ ಹೋಲಿಸಿ ಜೋಸೆಫ್ಸ್ ಕೋಟ್ ಎಂದರು. ಹೂಪಾತಿಗಳಲ್ಲಿ ವರ್ಷಕ್ಕೊಮ್ಮೆ ಬಿತ್ತಿ ಬೆಳೆಸುವ ಗಿಡಗಳ ಅಭಿರುಚಿ ನಮ್ಮ ದೇಶದ ಉದ್ಯಾನಗಳಲ್ಲಿಯೂ ನೆಲೆಯೂರಿತು. ಹೈದರಾಲಿಯು 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗಿಗೆ ಜರ್ಮನಿಯ ಕ್ರುಂಬಿಗೆಲ್ ಅವರು 1908ರಲ್ಲಿ ಬಂದರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಗಿ ಫಲಪುಷ್ಪ ಪ್ರದರ್ಶನಗಳ ಪರಂಪರೆ ಬೆಳೆಯಿತು. ಹೀಗೆ ನಮ್ಮ ಹಿತ್ತಿಲಿನ ದಂಟು ಇಂಗ್ಲಿಷ್ ಹೆಸರು ಹೊತ್ತು, ಚಿತ್ರದ ಲಕೋಟೆಯಲ್ಲಿ ಕುಳಿತು, ಬೀಜದ ಅಂಗಡಿಯ ಮೂಲಕ ನಮ್ಮ ಅಂಗಳಕ್ಕೇ ಮರಳಿ ಬಂದಿತು. ಹೊಸಬನೆಂದು ನಾವು ದುಡ್ಡು ಕೊಟ್ಟು ಬರಮಾಡಿಕೊಂಡದ್ದು ನಮ್ಮ ಮನೆಯ ಹಳೆಯ ನೆಂಟನನ್ನೇ.

ಗುನುಗು, ಅಣ್ಣೆ, ಕೋಳಿಜುಟ್ಟು

ದಂಟಿನ ಕುಟುಂಬದಲ್ಲಿಯೇ ಇನ್ನೊಂದು ಗಿಡವುಂಟು. ಗಡಿನಾಡಿನ ಚರಿತ್ರೆಯಲ್ಲಿ ಅದನ್ನು ಬಿಡುವಂತಿಲ್ಲ. ಜೋಳದ ಹೊಲಗಳಲ್ಲಿ ತಾನಾಗಿ ಬೆಳೆದು, ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ನಸುಗೆಂಪು ತೆನೆ ಬಿಡುವ ಸೆಲೋಶಿಯಾ ಅರ್ಜೆಂಟಿಯಾ. ಹಳೆಯ ಮೈಸೂರಿನ ಕನ್ನಡದಲ್ಲಿ ಇದು ಅಣ್ಣೆ ಸೊಪ್ಪು, ಅಂದರೆ ಪಲ್ಯದ ವಸ್ತು. ರೈತನ ಕಣ್ಣಿಗೆ ಇದು ಕಳೆ. ತೆಲಂಗಾಣದಲ್ಲಿ ಇದೇ ಗುನುಗು ಪೂವು; ಬತುಕಮ್ಮನ ಮೈ.

ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ಒಂಬತ್ತು ದಿನ ನಡೆಯುವ ಬತುಕಮ್ಮ ಹಬ್ಬದಲ್ಲಿ ಹೂಗಳನ್ನು ಗೋಪುರದಂತೆ ಸುತ್ತು ಸುತ್ತಾಗಿ ಜೋಡಿಸುತ್ತಾರೆ. ಹಳದಿಗೆ ತಂಗೇಡು, ಅಂದರೆ ನಮ್ಮ ಆವರಿಕೆ. ಬಿಳುಪಿಗೆ ಗುನುಗು, ಅದನ್ನೇ ಬಣ್ಣದಲ್ಲಿ ಅದ್ದಿ ಕೆಂಪು, ನೀಲಿ, ಹಸಿರು ಸುತ್ತುಗಳನ್ನೂ ಮಾಡುತ್ತಾರೆ. ನಡುವೆ ಮೆಕ್ಸಿಕೊದಿಂದ ಬಂದ ಚೆಂಡುಹೂವು. ಅಂಗಳದ ಕೋಳಿಜುಟ್ಟು, ತೆಲುಗಿನಲ್ಲಿ ಸೀತಮ್ಮನ ಜಡೆ ಎನಿಸಿಕೊಳ್ಳುವ ಹೂವು, ಅದೂ ಇದೇ ಸೆಲೋಶಿಯಾದ ತೋಟದ ರೂಪವೇ. 2014ರಿಂದ ಬತುಕಮ್ಮ ತೆಲಂಗಾಣದ ರಾಜ್ಯೋತ್ಸವವಾಗಿದೆ. ನಮ್ಮ ಹೆಣ್ಣುಮಕ್ಕಳು ನೆರೆಯ ಓಣಿಯ ಗೆಳತಿಯರೊಡನೆ ಅದನ್ನು ಆಡಿ, ಮನೆಗೆ ಬಂದು ಸೀಗೆ ಹುಣ್ಣಿಮೆಗೂ ಎಳ್ಳಮಾವಾಸ್ಯೆಗೂ ಸಿದ್ಧರಾಗುತ್ತಾರೆ. ಎಳ್ಳಮಾವಾಸ್ಯೆಯ ಭಜ್ಜಿಗೆ ಸೊಪ್ಪು, ಬತುಕಮ್ಮನಿಗೆ ಹೂವು. ಎರಡನ್ನೂ ಕೊಡುವ ಹೊಲ ಒಂದೇ.

ಕೋಳಿಜುಟ್ಟು ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಪಾರಸಿಯಲ್ಲಿ ಈ ಗಿಡವನ್ನು ತಾಜ್ ಎ ಖುರೂಸ್ ಎನ್ನುತ್ತಾರೆ. ಹುಂಜದ ಕಿರೀಟ ಎಂದು ಅರ್ಥ. ಬಹಮನಿಗಳ ರಾಜಧಾನಿಯಾದ ಬೀದರಿನಲ್ಲಿ ಪಾರಸಿ ಆಸ್ಥಾನದ ಭಾಷೆಯಾಗಿತ್ತು. ಆಸ್ಥಾನದವನು ಕಿರೀಟವನ್ನು ಕಂಡ ಕಡೆ ರೈತ ಕೋಳಿಯ ಜುಟ್ಟನ್ನು ಕಂಡನು. ನೋಡಿದ ಹೂವು ಒಂದೇ, ಹೊಳೆದ ಹೋಲಿಕೆಯೂ ಬಹುಮಟ್ಟಿಗೆ ಒಂದೇ.

ಬಣ್ಣದ ಗುಟ್ಟು, ಬೆಳೆಸುವ ಬಗೆ

ದಾಸವಾಳ, ಬದನೆ, ದ್ರಾಕ್ಷಿಗಳ ಕೆಂಪು ನೇರಳೆಗಳಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ. ದಂಟಿನ ಕೆಂಪು ಅದಲ್ಲ. ಬೀಟ್‌ರೂಟ್, ಕಾಗದದ ಹೂವು, ಪಾಪಾಸುಕಳ್ಳಿಗಳಲ್ಲಿರುವ ಬೀಟಲೇನ್ ಎಂಬ ಬೇರೊಂದು ದ್ರವ್ಯ ಇದರಲ್ಲಿದೆ. ಈ ಎರಡು ದ್ರವ್ಯಗಳು ಒಂದೇ ಗಿಡದಲ್ಲಿ ಸೇರಿ ಇರುವುದಿಲ್ಲ ಎಂಬುದು ಸಸ್ಯಲೋಕದ ವಿಚಿತ್ರ ನಿಯಮ. ಕೆಂಪು ರಾಜಗಿರಿ ಬೇಯಿಸಿದಾಗ ಅನ್ನವೆಲ್ಲ ಗುಲಾಬಿಯಾಗುವುದು ಬೀಟಲೇನಿನಿಂದಲೇ. ಜೋಳ ಮತ್ತು ಮೆಕ್ಕೆಜೋಳಗಳಂತೆ ಬಿಸಿಲು ಹೆಚ್ಚಿದಷ್ಟೂ ಚುರುಕಾಗಿ ಆಹಾರ ತಯಾರಿಸುವ ಶಕ್ತಿಯೂ ಇದಕ್ಕಿದೆ. ನಮ್ಮ ಕಡೆಯ ಬಿಸಿಲಿಗೆ ಇದು ಹೇಳಿಮಾಡಿಸಿದ ಗಿಡ.

ಅಂಗಳದ ಶೋಭೆಗಾಗಿ ಬೆಳೆಸುವವರು ನೆನಪಿಡಬೇಕಾದದ್ದು ಹೆಚ್ಚಿಲ್ಲ. ಬೀಜ ರಾಗಿಗಿಂತಲೂ ಸಣ್ಣದು, ಒಂದು ಗ್ರಾಮಿನಲ್ಲಿ ಸಾವಿರಕ್ಕೆ ಮೀರಿ ಇರುತ್ತದೆ. ಹಾಗೆಯೇ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುವುದರಿಂದ ನಾಲ್ಕೈದು ಪಾಲು ಮರಳಿನೊಡನೆ ಬೆರೆಸಿ ಮಿರಗದ ಮಳೆಯ ಹದಕ್ಕೆ ಉದುರಿಸಬೇಕು; ಮೇಲೆ ತೆಳುವಾಗಿ ಮಣ್ಣು ಸವರಿದರೆ ಸಾಕು. ಆಳಕ್ಕೆ ಹೋದ ಬೀಜ ಮೇಲೆ ಬರಲಾರದು. ನಾಲ್ಕರಿಂದ ಏಳು ದಿನಗಳಲ್ಲಿ ಮೊಳೆಯುತ್ತದೆ. ನಾಲ್ಕು ಬೆರಳೆತ್ತರವಾದಾಗ ದಟ್ಟವಾದ ಕಡೆ ಕಿತ್ತು ಪಲ್ಯಕ್ಕೆ ಬಳಸಿ, ಉಳಿದ ಗಿಡಗಳ ನಡುವೆ ಒಂದು ಮೊಳದಷ್ಟು ಅಂತರವಿಡಬೇಕು. ಗೊಬ್ಬರವನ್ನು ಮಿತವಾಗಿ ಹಾಕಬೇಕು. ಸಾರ ಹೆಚ್ಚಾದರೆ ಗಿಡ ಹಸಿರಾಗಿ ಕೊಬ್ಬುತ್ತದೆ, ಬಣ್ಣ ಮಂಕಾಗುತ್ತದೆ. ನೆರಳೂ ಬಣ್ಣಕ್ಕೆ ವೈರಿ. ಎತ್ತರದ ಗಿಡಗಳಿಗೆ ತೊಗರಿಕಟ್ಟಿಗೆಯ ಆಸರೆ ಕೊಡಬೇಕು. ಎಲೆ ಸುತ್ತುವ ಹುಳು ಕಂಡರೆ ಆ ಎಲೆಗಳನ್ನು ಚಿವುಟಿ ತೆಗೆಯುವುದೇ ಸುಲಭದ ಉಪಾಯ. ಹಗಲು ಕಿರಿದಾಗುತ್ತ ಬಂದಂತೆ ತೆನೆ ಹೊರಡುತ್ತದೆ.

ಮುಖ್ಯವಾದದ್ದು ಕೊನೆಯ ಕೆಲಸ. ಒಳ್ಳೆಯ ಬಣ್ಣದ ನಾಲ್ಕಾರು ಗಿಡಗಳನ್ನು ಬೀಜಕ್ಕೆಂದೇ ಬಿಡಬೇಕು. ದಂಟಿನ ಪರಾಗ ಗಾಳಿಯಲ್ಲಿ ತೇಲಿಹೋಗುವುದರಿಂದ ಬೇರೆ ಬಣ್ಣದ ಬಳಗವೂ ಕಾಡುದಂಟೂ ಹತ್ತಿರವಿದ್ದರೆ ಬೆರಕೆಯಾಗುತ್ತದೆ. ಆದುದರಿಂದ ಒಂದು ಅಂಗಳಕ್ಕೆ ಒಂದೇ ಬಳಗ ಒಳ್ಳೆಯದು; ಮೊಳಕೆಯಲ್ಲಿಯೇ ಬಣ್ಣ ತಪ್ಪಿದವನ್ನು ಕಿತ್ತು ಹಾಕಬೇಕು. ತೆನೆಯನ್ನು ಅಂಗೈಯಲ್ಲಿ ಉಜ್ಜಿದಾಗ ಹೊಳಪಿನ ಕಾಳು ಉದುರಿದರೆ ಅದು ಬಲಿತಿದೆಯೆಂದು ಅರ್ಥ. ಕೊಯ್ದು, ಬಟ್ಟೆಯ ಮೇಲೆ ಒಣಗಿಸಿ, ಬಡಿದು, ಮೊರದಲ್ಲಿ ಕೇರಿ, ಬೂದಿ ಬೆರೆಸಿ, ಬೇವಿನ ಎಲೆಯೊಡನೆ ಡಬ್ಬಿಯಲ್ಲಿಟ್ಟರೆ ಮುಂದಿನ ಮಿರಗಕ್ಕೆ ಸಿದ್ಧ. ಒಂದೇ ಗಿಡ ಹತ್ತಾರು ಸಾವಿರ ಬೀಜ ಕೊಡಬಲ್ಲದು. ಓಣಿಗೆಲ್ಲ ಹಂಚಿದರೂ ಮಿಗುತ್ತದೆ.

ಬೀಜ ಕಾದವರು

ಬೀಜ ಕಾಯುವ ಈ ಕೆಲಸವನ್ನು ನಮ್ಮ ಸೀಮೆಯಲ್ಲಿ ಮಾಡಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಅದರಲ್ಲಿಯೂ ಸ್ವಂತಕ್ಕೆ ತುಂಡು ಭೂಮಿಯುಳ್ಳ ಅಥವಾ ಅದೂ ಇಲ್ಲದ ಬಡ ಮನೆಗಳ ಹೆಣ್ಣುಮಕ್ಕಳು. ಕಳೆ ಕೀಳಲು ಹೋದವರು ಸಂಜೆ ಮಡಿಲಲ್ಲಿ ಸೊಪ್ಪು ತುಂಬಿಕೊಂಡು ಬರುತ್ತಿದ್ದರು. ಹೊಲದ ಒಡೆಯನಿಗೆ ಕಳೆಯಾದದ್ದು ಅವರ ಮಕ್ಕಳಿಗೆ ಊಟವಾಗುತ್ತಿತ್ತು. ಕಬ್ಬಿಣಾಂಶ, ಸುಣ್ಣಾಂಶ, ಎ ಜೀವಸತ್ವ ಇವೆಲ್ಲ ಆ ಊಟದಲ್ಲಿದ್ದವೆಂಬುದನ್ನು ಪುಸ್ತಕಗಳು ಹೇಳಿದ್ದು ಬಹಳ ತಡವಾಗಿ.

ಜಹೀರಾಬಾದಿಗೆ ಸಮೀಪದ ಪಸ್ತಾಪುರದಲ್ಲಿ 1983ರಿಂದ ಕೆಲಸ ಮಾಡುತ್ತಿರುವ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಸರನ್ನು ಇಲ್ಲಿ ಸ್ಮರಿಸಬೇಕು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಅವರು 1945ರಲ್ಲಿ ಮೈಸೂರಿನಲ್ಲಿ ಜನಿಸಿದ ಕನ್ನಡಿಗರು. ದೂರದರ್ಶನದ ಕೆಲಸವನ್ನು ಬಿಟ್ಟು ನಮ್ಮ ಸೀಮೆಗೆ ಬಂದು, 2023ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸದಲ್ಲಿಯೇ ಬಾಳಿದರು. ಸುತ್ತಲಿನ ಹಳ್ಳಿಗಳ ದಲಿತ ಮಹಿಳೆಯರ ಸಂಘಗಳು ಜೋಳ, ನವಣೆ, ಸಜ್ಜೆ, ಕಾಳುಗಳ ಬೀಜಭಂಡಾರಗಳನ್ನು ಕಟ್ಟಿಕೊಂಡವು. ಬಿತ್ತದೆ ಬೆಳೆಯುವ ಸೊಪ್ಪುಗಳು ಕಳೆಯಲ್ಲ, ಆಹಾರ ಎಂದು ಗಟ್ಟಿಯಾಗಿ ಹೇಳಿದವು. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ಬೀಜಗಳನ್ನಿಟ್ಟು ಊರಿಂದೂರಿಗೆ ಸಾಗುವ ಅವರ ಪಾತ ಪಂಟಲ ಜಾತರ, ಅಂದರೆ ಹಳೆಯ ಬೆಳೆಗಳ ಜಾತ್ರೆ, ನಮ್ಮಲ್ಲಿ ಅನೇಕರು ಕಂಡದ್ದೇ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಮಹಿಳೆಯರ ಕೆಲಸಕ್ಕೆ ಸಂದಿತು. ಆಸ್‌ಟೆಕ್ ನಾಡಿನ ಅಂಚಿನ ಹೊಲಗಳಲ್ಲಿ ಬೀಜ ಉಳಿಸಿದ ಹೆಸರಿಲ್ಲದ ರೈತರಿಗೂ ನಮ್ಮ ಸೀಮೆಯ ಈ ತಾಯಂದಿರಿಗೂ ನಡುವೆ ಐದು ನೂರು ವರ್ಷ, ಎರಡು ಸಾಗರ ಇದ್ದರೂ ಕೆಲಸ ಒಂದೇ.

ಕೃಷಿವಿಜ್ಞಾನವೂ ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಸುಗುಣಾ, ಕಡುಗೆಂಪು ಎಲೆಯ ಅರ್ಕಾ ಅರುಣಿಮಾ ಮೊದಲಾದ ತಳಿಗಳನ್ನು ಕೊಟ್ಟಿದೆ. ಅವುಗಳನ್ನು ಬೆಳೆಯುವುದು ಒಳ್ಳೆಯದೇ. ಆದರೆ ಅಂಗಳದ ಹಳೆಯ ಬಳಗವನ್ನು ಬಿಟ್ಟುಕೊಟ್ಟು ಬೆಳೆಯಬೇಕಾಗಿಲ್ಲ.

ಈಗಿನ ಆತಂಕ ಬೇರೆಯದು. ಹೊಲಗಳಲ್ಲಿ ಕಬ್ಬು, ಹತ್ತಿ ಹೆಚ್ಚಿ, ಕಳೆ ಕೀಳುವ ಕೈಗಳ ಬದಲು ಕಳೆನಾಶಕದ ಪಂಪು ಬಂದಿದೆ. ಅದು ಹೊಡೆದ ಕಡೆ ರಾಜಗಿರಿಯೂ ಗುನುಗೂ ಅಣ್ಣೆಯೂ ಒಟ್ಟಿಗೆ ಸುಟ್ಟುಹೋಗುತ್ತವೆ. ಅಂಗಳಗಳಿಗೆ ಸಿಮೆಂಟು ಬಿದ್ದಿದೆ. ಬಚ್ಚಲ ನೀರು ಕೊಳವೆಯೊಳಗೆ ಹೋಗುತ್ತದೆ. ಇತ್ತ ಅಮೆರಿಕದಲ್ಲಿ ಇದೇ ಕುಲದ ಪಾಮರ್ ದಂಟು ಕಳೆನಾಶಕಕ್ಕೆ ಜಗ್ಗದಂತಾಗಿ, 2005ರ ಹೊತ್ತಿನಿಂದ ಹತ್ತಿಯ ಹೊಲಗಳನ್ನು ನುಂಗುತ್ತಿದೆ. ಗಿಡದ ಕುಲ ಅಳಿಯುವುದಿಲ್ಲ; ಅದು ಬಲಿಷ್ಠ. ಅಳಿಯುವುದು ನಾವು ಅದರೊಡನೆ ಇಟ್ಟುಕೊಂಡಿದ್ದ ಸಂಬಂಧ, ಬಣ್ಣ ನೋಡಿ ಆರಿಸಿ ಕಾಪಾಡಿದ ಮನೆಯ ಬಳಗ, ಮತ್ತು ಅದನ್ನು ಕರೆಯುತ್ತಿದ್ದ ಹೆಸರು.

ವರ್ಷಕ್ಕೊಮ್ಮೆ ಬಿತ್ತಬೇಕಾದದ್ದು

ಬಾಡದ್ದು ಎಂಬ ಹೆಸರಿನ ಈ ಗಿಡ ಆರೇಳು ತಿಂಗಳಿಗೆ ಬಾಡಿಹೋಗುತ್ತದೆ. ಹೆಸರು ಸುಳ್ಳಾಗದಂತೆ ನೋಡಿಕೊಂಡವರು ಬೀಜ ಕಟ್ಟಿಟ್ಟ ಕೈಗಳು. ಆಲದ ಮರವನ್ನು ಅಜ್ಜ ನೆಟ್ಟರೆ ಮೊಮ್ಮಗ ನೆರಳಲ್ಲಿ ಕೂರಬಹುದು. ವಾರ್ಷಿಕ ಗಿಡಕ್ಕೆ ಆ ಸೌಕರ್ಯವಿಲ್ಲ. ಅದನ್ನು ಪ್ರತಿ ತಲೆಮಾರು, ಪ್ರತಿ ವರ್ಷ, ಹೊಸದಾಗಿ ಬಿತ್ತಲೇಬೇಕು. ಒಂದು ವರ್ಷ ಮರೆತರೆ ಮಣ್ಣಿನಲ್ಲಿ ಉದುರಿದ್ದು ಮೊಳೆಯಬಹುದು, ಎರಡನೆಯ ವರ್ಷವೂ ಒಂದಿಷ್ಟು ಬರಬಹುದು. ಆಮೇಲೆ ಬೆರಕೆಯಾಗಿ, ಬಣ್ಣ ಕೆಟ್ಟು, ಕಡೆಗೆ ಯಾವ ಬಳಗವೆಂದು ಗುರುತಿಸುವವರೂ ಇರುವುದಿಲ್ಲ.

ಗಡಿನಾಡಿನಲ್ಲಿ ಕನ್ನಡದ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿಲ್ಲ. ರಾಜಧಾನಿಯ ಕನ್ನಡ ಆಲದ ಮರದಂತೆ ಬಿಳಲು ಬಿಟ್ಟು ನಿಂತಿರಬಹುದು. ನಮ್ಮದು ಅಂಗಳದ ಗಿಡ. ಮಕ್ಕಳು ಕಲಿಯುವ ಶಾಲೆಯ ಮಾಧ್ಯಮ ತೆಲುಗೋ ಇಂಗ್ಲಿಷೋ ಆಗಿರುವಾಗ, ಮನೆಯಲ್ಲಿ ತಾಯಿ ರಾಜಗಿರಿ ಎಂದು ಹೇಳಿ ಎಳೆಯ ಕೈಗೆ ಸೊಪ್ಪು ಸೋಸಲು ಕೊಟ್ಟಾಗಲೇ ಆ ಪದ ಮುಂದಿನ ವರ್ಷಕ್ಕೆ ಸಾಗುತ್ತದೆ. ಮಗು ತೋಟಕೂರ ಎಂಬ ಮಾತನ್ನೂ ಕಲಿಯಲಿ, ಚೌಲಾಯಿಯನ್ನೂ ಕಲಿಯಲಿ. ನಾಲ್ಕು ಹೆಸರು ಬಲ್ಲವನು ನಾಲ್ಕು ಮನೆಗಳ ನೆಂಟ. ಮೊದಲ ಹೆಸರು ಮಾತ್ರ ಮನೆಯದಾಗಿರಲಿ.

ಶಾಲೆಯ ಮುಂದಿನ ಪಾತಿಗಳಲ್ಲಿ ಮಕ್ಕಳ ಕೈಯಿಂದ ದಂಟನ್ನು ಬಿತ್ತಿಸಿದ ಶಿಕ್ಷಕನಾಗಿ ನಾನು ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ. ವಾರದೊಳಗೆ ಮೊಳೆಯುವ, ತಿಂಗಳೊಳಗೆ ಬಣ್ಣ ತೋರುವ ಗಿಡ ಮಕ್ಕಳನ್ನು ಹಿಡಿದಿಡುವಷ್ಟು ಬೇರಾವ ಪಾಠವೂ ಹಿಡಿದಿಡುವುದಿಲ್ಲ. ತಾವು ಬಿತ್ತಿದ್ದರ ಹೆಸರನ್ನು ಅವರು ಮರೆಯುವುದಿಲ್ಲ.

ಆದ್ದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ಸಣ್ಣ ವಿನಂತಿ. ಮುಂದಿನ ಸಾಹಿತ್ಯ ಸಮಾವೇಶಕ್ಕೆ ಬರುವಾಗ ಪ್ರತಿ ಮನೆಯವರೂ ತಮ್ಮ ಅಂಗಳದ ದಂಟಿನದೋ ಕೋಳಿಜುಟ್ಟಿನದೋ ಒಂದು ಚಿಟಿಕೆ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ತರಲಿ. ಪೊಟ್ಟಣದ ಮೇಲೆ ತಮ್ಮ ಮನೆಯಲ್ಲಿ ಆ ಗಿಡಕ್ಕೆ ಏನೆನ್ನುತ್ತಾರೋ ಆ ಹೆಸರನ್ನು ಕನ್ನಡ ಅಕ್ಷರಗಳಲ್ಲಿ, ಮನೆಯ ಮಗುವಿನ ಕೈಯಿಂದಲೇ ಬರೆಯಿಸಲಿ. ವೇದಿಕೆಯ ಪಕ್ಕದಲ್ಲಿ ಒಂದು ಮೇಜನ್ನಿಟ್ಟು, ಒಬ್ಬರದನ್ನೊಬ್ಬರು ಬದಲಾಯಿಸಿಕೊಂಡು ಹೋಗೋಣ. ಮಿರಗದ ಮಳೆ ಬಿದ್ದಾಗ ಕಲ್ಹೇರಿನ ಬೀಜ ತಾಂಡೂರಿನಲ್ಲಿಯೂ ಜಹೀರಾಬಾದಿನ ಬೀಜ ನಾರಾಯಣಖೇಡದಲ್ಲಿಯೂ ಮೊಳೆಯಲಿ.